ಮೂರು ನಿಮಿಷದ ಗೌಹರ್ ಜಾನ್

ನಮ್ಮ ದೊಡ್ಡಪ್ಪನ ಕಾರಿಗೆ ಹೆಚ್ಚುಕಮ್ಮಿ ನನ್ನಷ್ಟೇ ವಯಸ್ಸು. ಅದರ ಸ್ಟೀರಿಯೋದಲ್ಲಿ ಬ್ಲೂಟೂತ್ ಇಲ್ಲ, ಪೆನ್‌ಡ್ರೈವ್ ಹಾಕುವ ಜಾಗವೂ ಇಲ್ಲ. ಸಿಡಿ ಅಥವಾ ಡಿವಿಡಿ ಹಾಕಿದರೆ ಮಾತ್ರ ಹಾಡ್ತದೆ. ಕಳೆದ ರಜೆಯಲ್ಲಿ ಮಟ್ಟುವಿಗೆ ಹೋದಾಗ ಅವರು ನನ್ನ ಹತ್ತಿರ ಕೇಳಿದ್ದು ಇಷ್ಟೇ, ಕಟಪಾಡಿಗೆ ಗುಳ್ಳ ಕೊಂಡುಹೋಗಿ ಬರುವಾಗ ಕೇಳಲಿಕ್ಕೆ ಹಳೇ ಹಾಡಿನ ಒಂದು ಡಿಸ್ಕ್ ಮಾಡಿಕೊಡು ಅಂತ. ನಾನು ಎಲೆಕ್ಟ್ರಾನಿಕ್ಸ್ ಸೆಕೆಂಡ್ ಇಯರ್. ಬರೀ ಎಂಪಿ3 ತುಂಬಿಸಿ ಕೊಟ್ಟರೆ ನನ್ನ ಮರ್ಯಾದೆ ಎಂತ ಆಗಬೇಕು? ಮಾಡಿದ್ರೆ 24 ಬಿಟ್, 96 ಕಿಲೋಹರ್ಟ್ಸ್‌ನ ಹೈ-ರೆಸ್ ಡಿಸ್ಕನ್ನೇ ಮಾಡಬೇಕು ಅಂತ ಹಠ ಹಿಡಿದೆ. ಹಳೇ ಹಾಡು ಅಂದ್ರಲ್ಲ, ಹಾಗಾದ್ರೆ ನಮ್ಮ ದೇಶದ ಮೊತ್ತಮೊದಲ ಗ್ರಾಮಫೋನ್ ಪ್ಲೇಟುಗಳನ್ನೇ ಹಾಕುವ ಅಂತ ಹುಡುಕಿದೆ. ಹಾಗೆ ಸಿಕ್ಕಿದ ಹೆಸರು ಗೌಹರ್ ಜಾನ್.

ಈ ಹೆಸರು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 2018ರ ಜೂನ್ 26ಕ್ಕೆ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತ್ತು. ಆದರೆ ಅವರು ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ ಅಂತ ನನಗಂತೂ ಗೊತ್ತಿರಲಿಲ್ಲ. ಡಿಸ್ಕಿನ ಕತೆ ಕೊನೆಗೆ ಹೇಳ್ತೇನೆ. ಮೊದಲು ಅವರ ಕತೆ.

ಉತ್ತರಪ್ರದೇಶದ ಆಜಂಗಢದಲ್ಲಿ 1873ರ ಜೂನ್ 26ರಂದು ಒಂದು ಕ್ರೈಸ್ತ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಇಟ್ಟ ಹೆಸರು ಐಲೀನ್ ಏಂಜಲೀನಾ ಯೋವರ್ಡ್. ಅಪ್ಪ ವಿಲಿಯಂ ರಾಬರ್ಟ್ ಯೋವರ್ಡ್ ಅರ್ಮೇನಿಯನ್ ಮೂಲದವನು, ಮಂಜುಗಡ್ಡೆ ಕಾರ್ಖಾನೆಯಲ್ಲಿ ಇಂಜಿನಿಯರ್. ಹೌದು, ನಮ್ಮ ಪೈಕಿಯವನೇ! ಅಮ್ಮ ವಿಕ್ಟೋರಿಯಾ ಹೆಮ್ಮಿಂಗ್ಸ್ ಭಾರತದಲ್ಲೇ ಹುಟ್ಟಿ ಬೆಳೆದವಳು, ಹಾಡು ಕುಣಿತ ಕಲಿತವಳು, ಉರ್ದುವಿನಲ್ಲಿ ಕವಿತೆ ಬರೆಯುವವಳು. ಮಗಳಿಗೆ ಆರು ವರ್ಷ ಆಗುವಾಗ, 1879ರಲ್ಲಿ, ಗಂಡಹೆಂಡತಿ ಬೇರೆಯಾದರು. ಆ ಕಾಲದಲ್ಲಿ ಗಂಡ ಬಿಟ್ಟ ಹೆಂಗಸಿಗೆ, ಅದೂ ಸಣ್ಣ ಮಗು ಕಟ್ಟಿಕೊಂಡವಳಿಗೆ, ಬದುಕುವ ದಾರಿಗಳು ಬೆರಳೆಣಿಕೆಯಷ್ಟು. 1881ರಲ್ಲಿ ಖುರ್ಷಿದ್ ಎಂಬ ಸಂಗೀತಪ್ರಿಯ ಗೃಹಸ್ಥನ ಜೊತೆ ಅಮ್ಮ ಮಗಳು ಕಾಶಿಗೆ ಬಂದರು. ಅಲ್ಲಿ ಇಬ್ಬರೂ ಮುಸ್ಲಿಮರಾದರು. ಅಮ್ಮ ಮಲ್ಕಾ ಜಾನ್ ಆದಳು, ಮಗಳು ಗೌಹರ್ ಜಾನ್ ಆದಳು. ಎಂಟು ವರ್ಷದ ಹುಡುಗಿಗೆ ಊರು, ಧರ್ಮ, ಹೆಸರು ಮೂರೂ ಒಟ್ಟಿಗೆ ಬದಲಾದವು.

ಮಲ್ಕಾ ಜಾನ್ ಕಾಶಿಯಲ್ಲಿ ಬೇಗ ಹೆಸರು ಮಾಡಿದಳು. 1883ರಲ್ಲಿ ಮಗಳನ್ನು ಕರಕೊಂಡು ಕಲ್ಕತ್ತಾಕ್ಕೆ ಹೋದಳು. ರಾಜ್ಯ ಕಳಕೊಂಡ ಅವಧದ ನವಾಬ ವಾಜಿದ್ ಅಲಿ ಶಾ ಅಲ್ಲಿ ಮಟಿಯಾಬುರ್ಜ್ ಎಂಬಲ್ಲಿ ಸಣ್ಣದೊಂದು ಲಕ್ನೋವನ್ನೇ ಕಟ್ಟಿಕೊಂಡು ಕೂತಿದ್ದ. ಆ ಆಸ್ಥಾನದಲ್ಲಿ ಮಲ್ಕಾ ಹಾಡಿದಳು. ಮೂರೇ ವರ್ಷದಲ್ಲಿ ಚಿತ್ಪುರ್ ರೋಡಿನಲ್ಲಿ 40,000 ರೂಪಾಯಿ ಕೊಟ್ಟು ಸ್ವಂತ ಮನೆ ತೆಗೆದುಕೊಂಡಳು. ಮಗಳಿಗೆ ಸಿಕ್ಕಿದ ಪಾಠವೂ ಕಡಿಮೆಯದ್ದಲ್ಲ. ಖಯಾಲ್, ಠುಮ್ರಿಗೆ ಪಟಿಯಾಲಾದ ಕಾಲೇ ಖಾನ್‌ರಂಥ ಉಸ್ತಾದರು, ಕಥಕ್‌ಗೆ ಬಿಂದಾದೀನ್ ಮಹಾರಾಜ್, ಧ್ರುಪದಕ್ಕೆ ಸೃಜನ್‌ಬಾಯಿ, ಬಂಗಾಳಿ ಕೀರ್ತನೆಗೆ ಚರಣ್ ದಾಸ್. ನಮಗೆ ಒಂದು ಸೆಮಿಸ್ಟರಿಗೆ ಆರು ಸಬ್ಜೆಕ್ಟ್ ಅಂತ ಅಳುತ್ತೇವೆ. ಆ ಹುಡುಗಿಗೆ ಬೆಳಗ್ಗಿಂದ ರಾತ್ರಿಯವರೆಗೆ ಇದೇ ಕ್ಲಾಸು, ಬ್ಯಾಕ್‌ಲಾಗ್ ಇಡುವ ಹಾಗಿಲ್ಲ. 1887ರಲ್ಲಿ ದರ್ಭಾಂಗಾದ ರಾಜರ ಮುಂದೆ ಮೊದಲ ಸಲ ಹಾಡಿದಾಗ ವಯಸ್ಸು ಹದಿನಾಲ್ಕು. ಇನ್ನೊಂದು ಹತ್ತು ವರ್ಷದಲ್ಲಿ ಕಲ್ಕತ್ತಾದ ದೊಡ್ಡ ಮನೆಗಳ ಮೆಹಫಿಲ್‌ಗೆ ಗೌಹರ್ ಇಲ್ಲದಿದ್ದರೆ ಆಗೂದಿಲ್ಲ ಎಂಬ ಹಂತಕ್ಕೆ ಅವರು ಬಂದರು. ಹಮ್‌ದಮ್ ಎಂಬ ಹೆಸರಿನಲ್ಲಿ ತಾವೇ ಗಜಲ್ ಬರೆಯುತ್ತಿದ್ದರು ಕೂಡ.

ಈಗ 1902ಕ್ಕೆ ಬರುವ. ನಮ್ಮಂಥವರಿಗೆ ನಿಜವಾದ ಕತೆ ಶುರುವಾಗುವುದು ಇಲ್ಲಿಂದ.

ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕನ್ ಯುವಕ ಲಂಡನ್ನಿನ ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿಯ ರೆಕಾರ್ಡಿಂಗ್ ಇಂಜಿನಿಯರ್. ಅವನೂ 1873ರಲ್ಲೇ ಹುಟ್ಟಿದವನು. ಅದೇ ವರ್ಷ ಏಪ್ರಿಲ್‌ನಲ್ಲಿ ಇಟಲಿಯ ಮಿಲಾನಿನಲ್ಲಿ ಕರೂಸೋ ಎಂಬ ಗಾಯಕನ ಧ್ವನಿ ಹಿಡಿದು ಕಂಪನಿಗೆ ದುಡ್ಡು ಮಾಡಿಕೊಟ್ಟಿದ್ದ. ಅಕ್ಟೋಬರ್ ಕೊನೆಗೆ ಪೆಟ್ಟಿಗೆ ಪೆಟ್ಟಿಗೆ ಸಾಮಾನು ಹೊತ್ತುಕೊಂಡು ಕಲ್ಕತ್ತಾಕ್ಕೆ ಬಂದಿಳಿದ. ಭಾರತದಲ್ಲಿ ಗ್ರಾಮಫೋನ್ ಮಾರಬೇಕಾದರೆ ಭಾರತದ ಹಾಡು ಬೇಕಲ್ಲ! ಆದರೆ ಹಾಡುವವರು ಯಾರು? ದೊಡ್ಡ ದೊಡ್ಡ ಉಸ್ತಾದರು ಹಿಂದೆ ಸರಿದರು. ಒಂದು ಗಂಟೆ ಬಿಡಿಸುವ ರಾಗವನ್ನು ಮೂರು ನಿಮಿಷದಲ್ಲಿ ಹೇಳುವುದು ಹೇಗೆ, ತಮ್ಮ ವಿದ್ಯೆ ಯಾರ್ಯಾರದೋ ಮನೆಯ ಚಾವಡಿಯಲ್ಲಿ ಬೀಳುವುದು ಎಂತಕ್ಕೆ, ಈ ಮೆಷಿನ್ ಗಂಟಲನ್ನೇ ನುಂಗಿದರೆ ಏನು ಗತಿ ಅಂತ ಅವರಿಗೆ ಅನುಮಾನ. ಮುಂದೆ ಬಂದವರು ಹೆಚ್ಚಾಗಿ ಹೆಂಗಸರು. ನಾಟಕ ಕಂಪನಿಯ ಹುಡುಗಿಯರು, ಕೋಠಿಯ ಗಾಯಕಿಯರು. ಸಮಾಜ ಯಾರ ಹಾಡು ಕೇಳಿ ಖುಷಿಪಟ್ಟು, ಹಗಲಲ್ಲಿ ಯಾರ ಮುಖ ನೋಡದೆ ಹೋಗುತ್ತಿತ್ತೋ ಅವರು. ನಮ್ಮ ದೇಶದ ರೆಕಾರ್ಡಿಂಗ್ ಚರಿತ್ರೆ ಶುರುವಾದದ್ದು ಇವರ ಗಂಟಲಿನಿಂದ.

ನವೆಂಬರ್ 11, 1902. ಒಂದು ಹೋಟೆಲಿನ ರೂಮನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಗೌಹರ್ ಜಾನ್ ಮೈತುಂಬ ಆಭರಣ ಹಾಕಿಕೊಂಡು, ಸಾರಂಗಿ ತಬಲಾದವರನ್ನು ಕರಕೊಂಡು ಬಂದರು. ಒಂದು ಸೆಶನ್ನಿಗೆ 3,000 ರೂಪಾಯಿ ಕೇಳಿದರಂತೆ. ಆಮೇಲೆ ಎಷ್ಟು ಸಲ ರೆಕಾರ್ಡಿಂಗಿಗೆ ಬಂದರೂ ಅವರು ಒಮ್ಮೆ ಹಾಕಿದ ಒಡವೆ ಇನ್ನೊಮ್ಮೆ ಹಾಕಿದ್ದನ್ನು ತಾನು ನೋಡಲಿಲ್ಲ ಅಂತ ಗೈಸ್‌ಬರ್ಗ್ ಬರೆದಿಟ್ಟಿದ್ದಾನೆ.

ಆ ಸ್ಟುಡಿಯೋದಲ್ಲಿ ಮೈಕ್ ಇಲ್ಲ, ಆಂಪ್ಲಿಫೈಯರ್ ಇಲ್ಲ, ಕರೆಂಟಿನ ಕೆಲಸವೇ ಇಲ್ಲ. ಗೋಡೆಯಿಂದ ಹೊರಗೆ ಬಂದ ಒಂದು ದೊಡ್ಡ ತುತ್ತೂರಿ. ಅದರ ಸಪೂರ ತುದಿಯಲ್ಲಿ ಒಂದು ತೆಳು ಡಯಾಫ್ರಂ. ಡಯಾಫ್ರಮಿಗೆ ಸೂಜಿ. ಸೂಜಿಯ ಕೆಳಗೆ ತಿರುಗುವ ದಪ್ಪ ಮೇಣದ ತಟ್ಟೆ. ಹಾಡುವವರು ತುತ್ತೂರಿಯ ಒಳಗೇ ಮುಖ ಇಟ್ಟ ಹಾಗೆ ನಿಂತು ಜೋರಾಗಿ ಹಾಡಬೇಕು. ಧ್ವನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಅಂದ್ರೆ ಇಡೀ ರೆಕಾರ್ಡಿಂಗಿನ ಪವರ್ ಸಪ್ಲೈ ಹಾಡುವವರ ಶ್ವಾಸಕೋಶ! ತಾರಸ್ಥಾಯಿಗೆ ಹೋಗುವಾಗ ತಲೆ ಹಿಂದೆ ಎಳಕೊಳ್ಳಬೇಕು, ಇಲ್ಲಾಂದ್ರೆ ಸೂಜಿ ಹಾರ್ತದೆ. ಮಂದ್ರದಲ್ಲಿ ಮತ್ತೆ ಮುಂದೆ ಬಾಗಬೇಕು. ಈಗ ನಾವು ಮೌಸಿನಿಂದ ಗೇನ್ ಕಡಿಮೆ ಜಾಸ್ತಿ ಮಾಡುವುದನ್ನು ಅವರು ಕುತ್ತಿಗೆಯಿಂದ ಮಾಡಿದರು. ತಪ್ಪಿದರೆ ಎಡಿಟ್ ಇಲ್ಲ. ಮೇಣ ಹಾಳಾಯಿತು, ಇನ್ನೊಂದು ತಟ್ಟೆ ಹಾಕಿ ಮೊದಲಿಂದ ಶುರು.

ಇನ್ನು ಸಮಯ. ಹತ್ತಿಂಚಿನ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ. ಉಳಿದವರಿಗೆ ಅಡ್ಡಿಯಾಗಿ ಕಂಡ ಈ ಮೂರು ನಿಮಿಷ ಗೌಹರ್ ಜಾನ್ ಅವರಿಗೆ ಡಿಸೈನ್ ಪ್ರಾಬ್ಲಂ ಆಗಿ ಕಂಡಿತು ಅಂತ ನನ್ನ ಊಹೆ. ಆಲಾಪಕ್ಕೆ ಕೆಲವೇ ಸೆಕೆಂಡು, ಕೂಡಲೇ ಸ್ಥಾಯಿ, ಅಂತರಾ ಮುಟ್ಟಿ ಬಂದು, ನಾಲ್ಕು ಚುರುಕು ತಾನ್, ಮತ್ತೆ ಮುಖಡಕ್ಕೆ ಬಂದು ನಿಲುಗಡೆ. ಕೇಳಿದವರಿಗೆ ರಾಗ ಸಿಕ್ಕಿತು, ಹಾಡೂ ಸಿಕ್ಕಿತು, ಇನ್ನೊಂದು ಪ್ಲೇಟ್ ಬೇಕು ಅಂತಲೂ ಅನಿಸಿತು. ಮುಂದೆ ನಮ್ಮ ಸಿನಿಮಾ ಹಾಡುಗಳೂ ಮೂರು ಚಿಲ್ಲರೆ ನಿಮಿಷಕ್ಕೆ ಒಗ್ಗಿಕೊಂಡದ್ದು ಇದೇ ತಟ್ಟೆಯ ಲೆಕ್ಕಕ್ಕೆ.

ಹಾಡು ಮುಗಿದ ಕೂಡಲೇ, ಸಾರಂಗಿ ನಿಲ್ಲುವ ಮೊದಲೇ, ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಇದು ಜಂಬ ಅಂತ ನಾನು ಮೊದಲು ತಿಳಕೊಂಡಿದ್ದೆ. ಸಂಗತಿ ಬೇರೆ. ಆಗ ಭಾರತದಲ್ಲಿ ಪ್ಲೇಟ್ ಒತ್ತುವ ಕಾರ್ಖಾನೆ ಇರಲಿಲ್ಲ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕು. ಅಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಮಾಡಿ ಲೋಹದ ಅಚ್ಚು ತೆಗೆದು, ಆ ಅಚ್ಚಿನಿಂದ ಪ್ಲೇಟ್ ಒತ್ತುತ್ತಿದ್ದರು. ಅಲ್ಲಿನ ಕೆಲಸಗಾರನಿಗೆ ಬಂಗಾಳಿಯೂ ಗೊತ್ತಿಲ್ಲ, ಹಿಂದಿಯೂ ಗೊತ್ತಿಲ್ಲ. ಯಾವ ತಟ್ಟೆಗೆ ಯಾರ ಲೇಬಲ್ ಅಂಟಿಸುವುದು? ಅದಕ್ಕೇ ಹಾಡಿನ ಕೊನೆಗೆ ಹೆಸರು. ನಾವು ಫೈಲಿಗೆ ಮೆಟಾಡೇಟಾ ಸೇರಿಸುತ್ತೇವಲ್ಲ, ಅದನ್ನು ಅವರು ಬಾಯಲ್ಲೇ ಸೇರಿಸಿದರು.

ಪ್ಲೇಟು ಮಾಡುತ್ತಿದ್ದದ್ದು ಅರಗಿನಿಂದ, ಅದಕ್ಕೆ ಕಲ್ಲಿನ ಪುಡಿ ಸೇರಿಸಿ. ಆ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ಭಾರತದಿಂದಲೇ. ನಮ್ಮ ಅರಗು, ನಮ್ಮ ಹಾಡು, ಜರ್ಮನಿಯಲ್ಲಿ ಒತ್ತಿ 1903ರಲ್ಲಿ ನಮಗೇ ಮಾರಲಿಕ್ಕೆ ವಾಪಸು ಬಂತು. 1908ರಲ್ಲಿ ಕಲ್ಕತ್ತಾದಲ್ಲೇ ಕಾರ್ಖಾನೆ ಶುರುವಾದ ಮೇಲೆ ಈ ತಿರುಗಾಟ ನಿಂತಿತು. ಇನ್ನೊಂದು ಮಜಾ ವಿಷಯ, ಮುಂದೆ 1982ರಲ್ಲಿ ಜಗತ್ತಿನ ಮೊದಲ ಕಾಂಪ್ಯಾಕ್ಟ್ ಡಿಸ್ಕುಗಳು ಮಾರಾಟಕ್ಕಾಗಿ ತಯಾರಾದದ್ದೂ ಹ್ಯಾನೋವರ್ ಪಕ್ಕದ ಲಾಂಗೆನ್‌ಹಾಗೆನ್‌ನಲ್ಲಿ.

ಆಮೇಲಿನ ಹದಿನೆಂಟು ವರ್ಷ ಗೌಹರ್ ಜಾನ್ ಅವರದ್ದು. 1902ರಿಂದ 1920ರ ಒಳಗೆ ಸುಮಾರು 600 ಹಾಡು, ಹತ್ತು ಭಾಷೆ. ಹಿಂದೂಸ್ತಾನಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ಪರ್ಷಿಯನ್, ಪುಶ್ತು, ಇಂಗ್ಲಿಷ್ ಅಂತ ಪಟ್ಟಿ ಉದ್ದ ಉಂಟು. ಆಸ್ಟ್ರಿಯಾದಲ್ಲಿ ಮಾಡಿದ ಬೆಂಕಿಪೊಟ್ಟಣದ ಮೇಲೆ ಅವರ ಚಿತ್ರ ಬಂತು. 1911ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆಯ ಮುಂದೆ ಅಲಹಾಬಾದಿನ ಜಾನಕಿಬಾಯಿ ಜೊತೆ ಹಾಡಿದರು. ಕತೆಗಳೂ ಬೆಳೆದವು. ಬೆಕ್ಕು ಮರಿ ಹಾಕಿದ್ದಕ್ಕೆ ಸಾವಿರಾರು ರೂಪಾಯಿ ಸುರಿದು ಪಾರ್ಟಿ ಕೊಟ್ಟರಂತೆ. ಅಧಿಕಾರಿಗಳಿಗೆ ಮಾತ್ರ ಮೀಸಲಾದ ಕುದುರೆಗಾಡಿಯಲ್ಲಿ ದಿನಾ ಸವಾರಿ ಮಾಡಿ, ದಿನಾ ದಂಡ ಕಟ್ಟಿದರಂತೆ. ಇದರಲ್ಲಿ ಎಷ್ಟು ನಿಜ ಎಷ್ಟು ಮಸಾಲೆ ಬಿಡಿ. ಗಾಂಧೀಜಿಯವರ ಕತೆ ನನಗೆ ಇವೆಲ್ಲಕ್ಕಿಂತ ಹೆಚ್ಚು ಇಷ್ಟ. ಸ್ವರಾಜ್ಯ ನಿಧಿಗೆ ಕಛೇರಿ ಮಾಡಿಕೊಡಿ ಅಂತ ಕೇಳಿದಾಗ, ಗಾಂಧಿ ಬಂದು ಕೂತು ಕೇಳಬೇಕು ಅಂತ ಇವರು ಷರತ್ತು ಹಾಕಿದರಂತೆ. ಗಾಂಧಿಗೆ ಬರಲಿಕ್ಕೆ ಆಗಲಿಲ್ಲ. 24,000 ರೂಪಾಯಿ ಕೂಡಿತ್ತು. ಇವರು ಅರ್ಧ ಮಾತ್ರ ಕಳುಹಿಸಿದರು, ಮಾತು ಅರ್ಧ ನಡೆಸಿದವರಿಗೆ ದುಡ್ಡೂ ಅರ್ಧ ಎಂಬ ಲೆಕ್ಕದಲ್ಲಿ. ದೇಶಕ್ಕೆ ತನ್ನ ಹಾಡಿನ ದುಡ್ಡು ಬೇಕು, ತನ್ನ ಎದುರು ಕೂತುಕೊಳ್ಳುವುದು ಮಾತ್ರ ಬೇಡ ಅಂದ್ರೆ ಹೇಗೆ? ಅವರು ಕೇಳಿದ್ದು ಮರ್ಯಾದೆ.

ದುಡ್ಡು ಬಂದ ಹಾಗೆ ಕೋರ್ಟೂ ಬಂತು. 1906ರಲ್ಲಿ ಅಮ್ಮ ಮಲ್ಕಾ ಜಾನ್ ತೀರಿಕೊಂಡರು. ಮನೆಯ ಕೆಲಸದವಳ ಮಗ ಭಗ್ಲು ಎಂಬವನು ತಾನೇ ಮಲ್ಕಾಳ ನಿಜವಾದ ಮಗ, ಆಸ್ತಿ ತನ್ನದು ಅಂತ ಕೇಸು ಹಾಕಿದ. ತಾನು ತನ್ನ ಅಮ್ಮನ ಮಗಳೇ ಅಂತ ಗೌಹರ್ ಕೋರ್ಟಿನಲ್ಲಿ ಸಾಬೀತು ಮಾಡಬೇಕಾಯಿತು. ಅದಕ್ಕೆ ಸಾಕ್ಷಿ ಯಾರು? ಆರು ವರ್ಷದವಳಿರುವಾಗ ಬಿಟ್ಟುಹೋದ ಆ ಇಂಜಿನಿಯರ್ ಅಪ್ಪ. ಹುಡುಕಿಸಿ ಕರೆಸಿ ಸಾಕ್ಷಿ ಹೇಳಿಸಿದರು, ಕೇಸು ಗೆದ್ದರು. ದೇಶದ ಮೂಲೆಮೂಲೆಯ ಮನೆಗಳಲ್ಲಿ ಹಾಡಿನ ಕೊನೆಗೆ ತನ್ನ ಹೆಸರು ಕೇಳಿಸುತ್ತಿದ್ದ ಹೆಂಗಸು, ತಾನು ಯಾರು ಅಂತ ಜಡ್ಜಿನ ಮುಂದೆ ರುಜುವಾತು ಕೊಡಬೇಕಾಗಿ ಬಂತು ನೋಡಿ. ಮೆಚ್ಚಿದ ನಾಟಕದ ನಟ ಅಮೃತ್ ಕೇಶವ್ ನಾಯಕ್ 1907ರಲ್ಲಿ ತೀರಿಕೊಂಡ. ಆಮೇಲೆ ತಮಗಿಂತ ಸಣ್ಣವನಾದ ಕಾರ್ಯದರ್ಶಿ ಅಬ್ಬಾಸನನ್ನು ಮದುವೆಯಾದರು, ನಂಬಿ ಆಸ್ತಿ ಬರೆದುಕೊಟ್ಟರು. ಅದೂ ಮುರಿದು ಕೋರ್ಟು ಮೆಟ್ಟಿಲು ಹತ್ತಿತು. ಈ ಸಲ ಕೈಯಲ್ಲಿದ್ದದ್ದು ಕರಗಿತು. ಹೊರಗೆ ಕಾಲವೂ ಬದಲಾಗುತ್ತಿತ್ತು. ಕೋಠಿಯ ಹೆಂಗಸರ ಸಂಗೀತ ಮರ್ಯಾದಸ್ಥರದ್ದಲ್ಲ ಎಂಬ ಮಾತು ಜೋರಾಯಿತು. ಕರೆಯುವವರು ಕಡಿಮೆಯಾದರು, ಚಿತ್ಪುರ್ ರೋಡಿನ ವೈಭವ ಮುಗಿಯಿತು.

ಆಗ ಕರೆ ಬಂದದ್ದು ಮೈಸೂರಿನಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕರ್ನಾಟಕ ಸಂಗೀತದವರ ಜೊತೆಗೆ ಉತ್ತರದವರಿಗೂ ಜಾಗ ಇತ್ತು. ಫೈಯಾಜ್ ಖಾನ್‌ರಂಥವರಿಗೆ ಬಿರುದು ಕೊಟ್ಟ ಅರಮನೆ ಅದು. 1928ರ ಆಗಸ್ಟ್ 1ರಿಂದ ಗೌಹರ್ ಜಾನ್ ಅರಮನೆಯ ಸಂಗೀತಗಾರ್ತಿ, ತಿಂಗಳಿಗೆ 500 ರೂಪಾಯಿ ಸಂಬಳ. ಅದೇ ಹೊತ್ತಿಗೆ ಪಕ್ಕದ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಮುಗಿಯುವ ಹಂತಕ್ಕೆ ಬರುತ್ತಿತ್ತು. 1902ರಲ್ಲಿ ಒಂದು ಸೆಶನ್ನಿಗೆ 3,000 ಕೇಳಿದವರಿಗೆ ಈಗ ಅದು ಆರು ತಿಂಗಳ ಸಂಬಳ. ಇದನ್ನು ಬರೀ ಪತನ ಅಂತ ನೋಡಲಿಕ್ಕೆ ನನಗೆ ಮನಸ್ಸಿಲ್ಲ. ಎಲ್ಲ ಕಡೆ ಬಾಗಿಲು ಮುಚ್ಚಿದಾಗ, ತಿಂಗಳ ಸಂಬಳ ಕೊಟ್ಟು ಕಲಾವಿದೆಯಾಗಿಯೇ ಇಟ್ಟುಕೊಂಡ ಊರು ನಮ್ಮದು. ಆದರೆ ಆ ನೆಮ್ಮದಿ ಹೆಚ್ಚು ದಿನ ಉಳಿಯಲಿಲ್ಲ. ಹದಿನೇಳು ತಿಂಗಳು ಕಳೆಯಿತು ಅಷ್ಟೇ. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 56. ಎಂಬತ್ತು ವರ್ಷ ಆದ ಮೇಲೆ ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಮೈಸೂರು ಅರಮನೆಯ ಹಳೇ ಕಡತಗಳಲ್ಲಿ ಸಿಕ್ಕಿದ ಎಳೆ ಹಿಡಿದು ಹುಡುಕಿ, 2010ರಲ್ಲಿ ಅವರ ಜೀವನಚರಿತ್ರೆ ಬರೆದರು. ನಾನಿಲ್ಲಿ ಹೇಳಿದ ಎಷ್ಟೋ ಸಂಗತಿ ಹೊರಗೆ ಬಂದದ್ದು ಆ ಹುಡುಕಾಟದಿಂದ.

ಈಗ ನನ್ನ ಡಿಸ್ಕಿಗೆ ಬರುವ. ಅಂತರ್ಜಾಲದಿಂದ ಅವರ ಹಾಡುಗಳ ಸಾಮಾನ್ಯ ಫೈಲುಗಳನ್ನು ಇಳಿಸಿ, ಸಾಫ್ಟ್‌ವೇರಿನಲ್ಲಿ 24 ಬಿಟ್, 96 ಕಿಲೋಹರ್ಟ್ಸ್‌ಗೆ ಏರಿಸಿದೆ. ಸ್ಟೀರಿಯೋ ಆದರೆ ಸೆಕೆಂಡಿಗೆ 4.6 ಮೆಗಾಬಿಟ್, ಸಿಡಿಯ ಮೂರು ಪಾಲಿಗಿಂತ ಹೆಚ್ಚು. ಮೂರು ನಿಮಿಷದ ಒಂದು ಹಾಡಿಗೆ 100 ಎಂಬಿ ದಾಟಿತು. ಒಂದು ಡಿವಿಡಿಗೆ ಸುಮಾರು 45 ಹಾಡು ಹಿಡಿಯುತ್ತದೆ, 600ಕ್ಕೆ 14 ಡಿಸ್ಕ್ ಬೇಕು ಅಂತ ಲೆಕ್ಕವೂ ಹಾಕಿದೆ. ಡ್ರೈವ್ ಇಲ್ಲದ ಲ್ಯಾಪ್‌ಟಾಪಿಗೆ ಗೆಳೆಯನ ಹತ್ತಿರ ಹೊರಗಿನ ರೈಟರ್ ತಂದು ಬರ್ನ್ ಮಾಡಿದೆ. ಮೊದಲನೇ ಡಿಸ್ಕನ್ನು ಕಾರು ಒಪ್ಪಲೇ ಇಲ್ಲ, ನಾನು ಫೈನಲೈಸ್ ಮಾಡಲಿಕ್ಕೆ ಮರೆತಿದ್ದೆ. ಎರಡನೆಯದ್ದು ಓಡಿತು. ಹೆಮ್ಮೆಯಿಂದ ಹಾಸ್ಟೆಲಿನಲ್ಲಿ ಹೇಳಿದರೆ ಸೀನಿಯರ್ ಒಬ್ಬರು ನಕ್ಕೇ ನಕ್ಕರು. ಒಂದು ಲೋಟ ಮಜ್ಜಿಗೆಗೆ ಒಂದು ಕೊಡ ನೀರು ಹಾಕಿ ಮಜ್ಜಿಗೆ ಜಾಸ್ತಿ ಆಯ್ತು ಅಂದ ಹಾಗೆ ಆಯ್ತಲ್ಲ ಅಂತ. ಸರಿಯೇ. ಮೊದಲೇ ಇಲ್ಲದ ಮಾಹಿತಿ ಅಪ್‌ಸ್ಯಾಂಪಲ್ ಮಾಡಿದರೆ ಹುಟ್ಟುವುದಿಲ್ಲ. ಸಿಗ್ನಲ್ಸ್ ಪೇಪರಿನಲ್ಲಿ ಬರೆದು ಮಾರ್ಕ್ಸ್ ತೆಗೊಂಡಿದ್ದೆ, ಕೈಯಲ್ಲಿ ಮಾಡುವಾಗ ಮರೆತೆ.

ಆ ತುತ್ತೂರಿ ಹಿಡಿದದ್ದು ಸುಮಾರು 2,500 ಹರ್ಟ್ಸ್‌ವರೆಗೆ ಮಾತ್ರ. ನೈಕ್ವಿಸ್ಟ್ ಲೆಕ್ಕದಲ್ಲಿ ಐದಾರು ಕಿಲೋಹರ್ಟ್ಸ್ ಸ್ಯಾಂಪಲಿಂಗ್ ಸಾಕು. ನನ್ನ 96 ಕಿಲೋಹರ್ಟ್ಸ್‌ನ ಬಹುಪಾಲು ಬರೀ ಖಾಲಿ, ಇಲ್ಲಾಂದ್ರೆ ಸೂಜಿಯ ಚರಚರ. ಮೂಲ ಪ್ಲೇಟಿನಿಂದಲೇ ಹೈ-ರೆಸ್‌ನಲ್ಲಿ ತೆಗೆದರೆ ಒಂದು ಉಪಯೋಗ ಉಂಟು, ಆ ಚರಚರದ ಚೂಪು ಶಬ್ದಗಳನ್ನು ಸರಿಯಾಗಿ ಗುರುತಿಸಿ ತೆಗೆಯಲಿಕ್ಕೆ ಆಗ್ತದೆ. ಆದರೆ ಧ್ವನಿ ಅಷ್ಟೇ. ಮೈಕ್ ಹಾಕಿ ಎಲೆಕ್ಟ್ರಿಕಲ್ ರೆಕಾರ್ಡಿಂಗ್ ಶುರುವಾದದ್ದು 1925ರಲ್ಲಿ. ಗೌಹರ್ ಜಾನ್ ಅವರ ಪ್ಲೇಟುಗಳು ಅದಕ್ಕಿಂತ ಐದು ವರ್ಷ ಮೊದಲೇ ಮುಗಿದಿದ್ದವು. ಮೈಸೂರಿನ ಅರಮನೆಯಲ್ಲಿ ಹಾಡಿದ ಆ 55 ವರ್ಷದ ಗಂಟಲು ಹೇಗಿತ್ತು ಅಂತ ಯಾವ ಡಿಸ್ಕೂ ಹೇಳುವುದಿಲ್ಲ. ರೆಕಾರ್ಡ್ ಮಾಡದೆ ಬಿಟ್ಟದ್ದು ಹೋಯಿತು ಅಂದ್ರೆ ಹೋಯಿತು.

ಆದರೂ ಒಂದು ಸಂಜೆ ದೊಡ್ಡಪ್ಪನ ಜೊತೆ ಕಟಪಾಡಿಯಿಂದ ಬರುವಾಗ ಡಿಸ್ಕ್ ಹಾಕಿದೆ. ಮಟ್ಟುವಿನ ಸೇತುವೆ ಹತ್ತುವಾಗ ಭೈರವಿ ಶುರುವಾಯಿತು. ಎಂತ ಮಾರಾಯ, ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಕೇಳ್ತದಲ್ಲ ಅಂತ ದೊಡ್ಡಪ್ಪ ಮೊದಲು ತಮಾಷೆ ಮಾಡಿದರು. ಆಮೇಲೆ ಮಾತಾಡಲಿಲ್ಲ. ಸಾಸಿವೆಯ ಹಿಂದಿನಿಂದ ಒಂದು ಧ್ವನಿ, ತುತ್ತೂರಿಗೆ ಮುಖ ಕೊಟ್ಟು ಇದ್ದ ಉಸಿರೆಲ್ಲ ಸುರಿಯುವ ಧ್ವನಿ, ಏರುವಾಗ ಸ್ವಲ್ಪ ದೂರ ಹೋಗಿ ಇಳಿಯುವಾಗ ಹತ್ತಿರ ಬರುತ್ತಿತ್ತು. ಕುತ್ತಿಗೆ ಎಳಕೊಂಡದ್ದು ನನಗೆ ಕೇಳಿಸಿತು ಅಂತ ನಾನು ಈಗಲೂ ವಾದ ಮಾಡ್ತೇನೆ. ಮೂರು ನಿಮಿಷಕ್ಕೆ ಹಾಡು ನಿಂತಿತು. ಕೂಡಲೇ ಅವರು ಹೆಸರು ಹೇಳಿದರು, ಹ್ಯಾನೋವರಿನ ಯಾವನೋ ಕೆಲಸಗಾರನಿಗೆ ಅಂತ ಹೇಳಿದ ಹೆಸರು.

ಅದು ಯಾರು ಅಂತ ದೊಡ್ಡಪ್ಪ ಕೇಳಿದರು. ಮನೆ ಬರುವವರೆಗೂ, ಬಂದ ಮೇಲೂ ಅಂಗಳದಲ್ಲಿ ಕಾರು ನಿಲ್ಲಿಸಿಕೊಂಡು, ಮೇಲೆ ಬರೆದದ್ದೆಲ್ಲ ಅವರಿಗೆ ಹೇಳಿದೆ. ಗುಳ್ಳದ ಖಾಲಿ ಗೋಣಿಚೀಲ ಹಿಂದಿನ ಸೀಟಿನಲ್ಲೇ ಉಳಿದಿತ್ತು.